ಅಚ್ಚಿಗೆ ಸಿಗದ ಆರಿ

ಮನುಷ್ಯನ ತದ್ರೂಪು ತಯಾರಾಗುವ ದಿನ ಬಂದರೆ ಅದು ನನ್ನ ಹೆಣ ದಾಟಿಕೊಂಡೇ ಬರಬೇಕು ಎಂದು ಶಪಥ ಮಾಡಿದೆ. ಸರ್ವಾಧಿಕಾರಿಗೇ ಹೆದರದವನು ಗಾಜಿನ ಕೊಳವೆಗೆ ಹೆದರುತ್ತೇನೆಯೇ? ಕೊರಿಯಾದ ನಮ್ಮ ದೇಜೊನ್ ಊರಿನಲ್ಲಿ ಕಲ್ಲೆಸೆದರೆ ಒಬ್ಬ ವಿಜ್ಞಾನಿಗೆ ತಗಲುತ್ತದೆ ಅನ್ನುತ್ತಾರೆ. ನಾನು ಎಸೆದದ್ದೆಲ್ಲ ಪೊಲೀಸರಿಗೇ ತಗಲಿತು, ಆ ಮಾತು ಬೇರೆ.

ನಾಯಿಯ ತದ್ರೂಪು ಆಗಿಹೋಗಿದೆ, ಮುಂದಿನ ಸರದಿ ಮನುಷ್ಯನದೇ ಎಂದು ಬಡಾವಣೆಯ ಸಭಾಭವನದಲ್ಲಿ ಶುಕ್ರವಾರ ಚರ್ಚೆ ಇಟ್ಟಿದ್ದರು. ವಿರೋಧಿಸಿ ಮಾತಾಡಿದವನು ನಾನು. "ಆಗುತ್ತದೋ ಇಲ್ಲವೋ ವಿಜ್ಞಾನಿ ಹೇಳಲಿ. ಆದರೆ ಆ ಮಗು ಕಣ್ಣು ಬಿಡುವ ಮೊದಲೇ ಅದರ ಬದುಕನ್ನು ಇನ್ನೊಬ್ಬ ಬದುಕಿ ಎಂಜಲು ಮಾಡಿಟ್ಟಿರುತ್ತಾನೆ. ನನ್ನ ಹಾಗೇ ಆಗು ಎಂದು ಮಗುವಿಗೆ ಹೇಳಲು ನೀನ್ಯಾವ ದೊಣ್ಣೆನಾಯಕ?" ಎಂದು ಗುಡುಗಿದೆ. ಚಪ್ಪಾಳೆಯೋ ಚಪ್ಪಾಳೆ.

ಮರುದಿನವೇ ಮೊಮ್ಮಗಳು ಆರಿಯ ಮೊದಲ ಹುಟ್ಟುಹಬ್ಬ. ಆ ದಿನ ಮಗುವಿನ ಮುಂದೆ ನೂಲು, ಬರೆಯುವ ಕುಂಚ, ಅಕ್ಕಿ, ನೋಟು ಎಲ್ಲ ಹರಡುತ್ತೇವೆ. ಮಗು ಯಾವುದಕ್ಕೆ ಕೈ ಹಾಕುತ್ತದೋ ಅದೇ ಅದರ ಮುಂದಿನ ಹಾದಿ. ನೂಲು ಹಿಡಿದರೆ ಆಯುಸ್ಸು, ಕುಂಚ ಹಿಡಿದರೆ ವಿದ್ಯೆ. ನಾನು ಬೆಳಗ್ಗೆಯೇ ಅಟ್ಟದಿಂದ ಮೆರವಣಿಗೆಗಳ ಕಾಲದ ನನ್ನ ಹಳೆಯ ಮೆಗಾಫೋನು ಇಳಿಸಿ, ಹೊಸ ಸೆಲ್ ಹಾಕಿ, ಚೀಲಕ್ಕೆ ತುರುಕಿದೆ.

ಹೆಂಡತಿ ಕುಮ್‌ಸುನ್ ಕಣ್ಣಿಗೆ ಬೀಳದ್ದು ಯಾವುದಿದೆ?

"ಏನ್ರೀ ಅದು ಚೀಲದಲ್ಲಿ?"

"ಮಗುವಿಗೆ ಉಡುಗೊರೆ."

"ನಿನ್ನೆ ರಾತ್ರಿ ನಕಲು ಮಾಡಬಾರದು ಅಂತ ಬಾಯಿ ಬಡ್ಕೊಂಡ್ರಲ್ಲ, ಇದೇನು? ಪ್ರಯೋಗಾಲಯದವರಿಗೆ ನಕಲು ಮಾಡೋಕೆ ಒಂಚೂರು ಚರ್ಮನಾದ್ರೂ ಬೇಕು, ನಿಮಗೆ ಅದೂ ಬೇಡ."

"ಪರಂಪರೆ ಬೇರೆ, ನಕಲು ಬೇರೆ ಕಣೇ."

"ಸೆಬ್ಯೊಕ್ ಏನು ಹೇಳಿದಾಳೆ, ನೆನಪಿದೆಯಾ?"

ನೆನಪಿತ್ತು. ಮಗಳು ಸೆಬ್ಯೊಕ್ ಕೆಲಸಕ್ಕೆ ಹೋದಾಗ ವಾರವಿಡೀ ಆರಿಯನ್ನು ನೋಡಿಕೊಳ್ಳುವವನು ನಾನು. ನನಗೆ ಉಳಿದಿರುವ ಏಕೈಕ ಪದವಿ ಅದು. ಅವಳು ಸ್ಪಷ್ಟವಾಗಿ ಹೇಳಿದ್ದಳು: "ಅಪ್ಪಾ, ನನಗೆ ನಡೆಯೋಕೆ ಬರೋ ಮುಂಚೇನೇ ನನ್ನ ಮೆರವಣಿಗೆಗೆ ಹೊತ್ಕೊಂಡು ಹೋದೆ. ಆರಿ ಏನು ಹಿಡೀತಾಳೋ ಹಿಡೀಲಿ. ಮೂಗು ತೂರಿಸಿದ್ರೆ ಸೋಮವಾರದಿಂದ ಬರಬೇಡ, ಶಿಶುವಿಹಾರಕ್ಕೆ ಹಾಕ್ತೀನಿ."

ಆದರೂ ಚೀಲ ಹಿಡಿದೇ ಮಗಳ ಮನೆಗೆ ಹೋದೆ. ಅಕ್ಕಿ ಕಡುಬಿನ ಗೋಪುರದ ಹಿಂದೆ ಮೆಗಾಫೋನು ಅಡಗಿಸಲು ಕೈ ಹಾಕಿದರೆ, ಅಲ್ಲಿ ಇನ್ನೊಂದು ಕೈ! ನಮ್ಮ ಬೀಗರು ಹ್ವಾಂಗ್‌ಬೊ. ಗಲಭೆ ಹತ್ತಿಕ್ಕುವ ಪಡೆಯ ನಿವೃತ್ತ ಪೊಲೀಸ್. ನೂಲಿನ ಲಡಿಯೊಳಗೆ ತಮ್ಮ ಹಳೆಯ ಸೀಟಿ ಬಚ್ಚಿಡುತ್ತಿದ್ದರು.

"ಬೀಗರೇ, ಇದು ಸರಿಯಲ್ಲ," ಎಂದೆ.

"ನಿಮ್ಮ ಕೈಯಲ್ಲಿರೋದು ಕಡುಬಾ?" ಎಂದರು.

ಇಬ್ಬರೂ ತಂತಮ್ಮ ಮಾಲು ಅಡಗಿಸಿಟ್ಟೆವು.

ಬಣ್ಣದ ತೋಳಿನ ರೇಷ್ಮೆ ಅಂಗಿ ತೊಟ್ಟ ಆರಿಯನ್ನು ತಂದು ಕೂರಿಸಿದರು. ಅವಳು ಎಲ್ಲವನ್ನೂ ತಪಾಸಣೆ ಮಾಡುವ ಸಾಹೇಬರಂತೆ ನೋಡಿದಳು. ನಾನು ಕಾಲ್ಬೆರಳಿನಿಂದ ಮೆಗಾಫೋನು ಮುಂದೆ ತಳ್ಳಿದೆ. ಬೀಗರು ನೂಲಿನ ಲಡಿ ತಳ್ಳಿದರು. ನಾನು ಮೊಣಕೈ ಬಳಸಿದೆ. ಅವರು ಹೊಟ್ಟೆ ಬಳಸಿದರು. ಆ ನೂಕಾಟದಲ್ಲಿ ನನ್ನ ಮಂಡಿ ಮೆಗಾಫೋನಿನ ಸೈರನ್ ಗುಂಡಿಯ ಮೇಲೆ ಕೂತಿತು.

ಸೈರನ್ ಊಳಿಟ್ಟಿತು.

ಬೀಗರ ಮೂಳೆಯಲ್ಲಿ ಮಲಗಿದ್ದ ಪೊಲೀಸ್ ಎದ್ದ. ಕಡುಬಿನ ಹರಿವಾಣವನ್ನು ಗುರಾಣಿಯಂತೆ ಎತ್ತಿ "ಚದುರಿ, ಎಲ್ಲಾ ಚದುರಿ!" ಎಂದು ಕೂಗಿದರು. ಕಡುಬು ನೆಂಟರ ತಲೆ ಮೇಲೆ ಬಿತ್ತು. ನಾನೇನು ಕಡಿಮೆಯೇ? ಅಶ್ರುವಾಯು ಬಂತೆಂಬಂತೆ ಕರವಸ್ತ್ರ ನೀರಿಗದ್ದಿ ಮೂಗಿಗೆ ಒತ್ತಿಕೊಂಡು, ಪಕ್ಕದಲ್ಲಿದ್ದ ಬೀಗಿತಿಯ ತೋಳಿಗೆ ತೋಳು ಸಿಕ್ಕಿಸಿ, ನೆಲದ ಮೇಲೆ ಕೂತುಬಿಟ್ಟೆ. ಎತ್ತಿ ಒಯ್ಯಲಿ ನೋಡೋಣ! ಆಕೆ "ಅಯ್ಯೋ, ಬಿಡ್ರೀ ನನ್ನ" ಎಂದು ಕಿರುಚಿದರು.

ಕುಮ್‌ಸುನ್ ಸೊಂಟದ ಮೇಲೆ ಕೈಯಿಟ್ಟು, "ಅದನ್ನ ಮೊದಲು ನಿಲ್ಲಿಸ್ರೀ," ಎಂದಳು. ಆ ಗುಂಡಿ ಒತ್ತಿದೆ, ಈ ಗುಂಡಿ ಒತ್ತಿದೆ. ಕೂಗು ಇನ್ನೂ ಏರಿತು.

ಆರಿ ಅಳಲಿಲ್ಲ. ನೋಟು ತುಳಿದು, ಕುಂಚ ದಾಟಿ, ನೂಲನ್ನು ಸೀಟಿಯ ಸಮೇತ ಕಾಲಿಗೆ ಸುತ್ತಿಕೊಂಡು ಅಂಬೆಗಾಲಿಟ್ಟು ಬಂದಳು. ಮೆಗಾಫೋನಿನ ಹೊಟ್ಟೆಯ ಕೆಳಗೆ ಬೆರಳು ಹಾಕಿ ಏನೋ ಒತ್ತಿದಳು. ಸೈರನ್ ನಿಂತಿತು. ಆಮೇಲೆ ಬಿದ್ದಿದ್ದ ಒಂದು ಕಡುಬನ್ನು ಅದರ ಬಾಯಿಗೆ ತುರುಕಿದಳು, ಇನ್ನೊಂದನ್ನು ತನ್ನ ಬಾಯಿಗೆ. ನೆಲದ ಮೇಲೆ ಖಾಲಿ ಇದ್ದದ್ದು ನನ್ನ ತೊಡೆಯೊಂದೇ; ಅಲ್ಲಿ ಹತ್ತಿ ಕೂತು ಜಗಿಯತೊಡಗಿದಳು.

ಬೀಗರು ಹರಿವಾಣ ಇಳಿಸಿ ಮೆಲ್ಲಗೆ ಕೇಳಿದರು: "ಹಾಗಾದ್ರೆ ಏನು ಹಿಡಿದ ಹಾಗಾಯ್ತು?"

"ಹಸಿವಾಗಿತ್ತು, ಕಡುಬು ಹಿಡಿದ್ಲು," ಎಂದಳು ಸೆಬ್ಯೊಕ್. ಆಮೇಲೆ ನನ್ನ ಕಡೆ ತಿರುಗಿದಳು. ಶಿಶುವಿಹಾರ ಎಂಬ ಮಾತು ಅವಳ ತುಟಿಯವರೆಗೂ ಬಂದದ್ದು ನನಗೆ ಕಾಣಿಸಿತು. ಮಗು ನನ್ನ ಅಂಗಿಗೆ ಕೈ ಒರೆಸಿಕೊಂಡು ಇನ್ನಷ್ಟು ಒರಗಿತು. ಸೆಬ್ಯೊಕ್ ಉಸಿರು ಬಿಟ್ಟಳು. "ಸೋಮವಾರ ಬಾ. ಆದ್ರೆ ಆ ಮೆಗಾಫೋನು ಇನ್ಮೇಲೆ ಅವಳ ಹತ್ರಾನೇ ಇರುತ್ತೆ."

ಬಸ್ಸಿನಲ್ಲಿ ನನ್ನ ಎದೆ ಮತ್ತೆ ಉಬ್ಬಿತು. "ನೋಡಿದೆಯಾ ಕುಮ್‌ಸುನ್? ಅಷ್ಟು ಸಾಮಾನಿದ್ದರೂ ನೆಟ್ಟಗೆ ಮೆಗಾಫೋನಿಗೇ ಬಂದಳು. ಥೇಟ್ ನಾನೇ!"

ಅವಳು ತಲೆಗೆ ಅಂಟಿದ್ದ ಕಡುಬನ್ನು ಬಿಡಿಸಿಕೊಳ್ಳುತ್ತ ಹೇಳಿದಳು: "ಹೆದರ್ಕೋಬೇಡಿ, ನಕಲಾಗಿಲ್ಲ. ಅದನ್ನ ಆರಿಸೋ ಗುಂಡಿ ಎಲ್ಲಿದೆ ಅಂತ ನಿಮಗೆ ಅರವತ್ತೈದಾದ್ರೂ ಗೊತ್ತಾಗಿಲ್ಲ. ಆ ಮಗೂಗೆ ಒಂದೇ ವರ್ಷಕ್ಕೆ ಸಿಕ್ತು."