ನಾದಿನಿ ಹಾಕಿದ ರ‍್ಯಾಮ್

ನಾದಿನಿ ಬರುತ್ತಾಳೆಂದರೆ ಬೇರೆಯವರು ಪಾಯಸಕ್ಕೆ ಇಡುತ್ತಾರೇನೋ, ನಾನು ಮಾತ್ರ ಮೊದಲು ಮಿಕ್ಸಿಯನ್ನು ಬಚ್ಚಿಡುತ್ತೇನೆ. ನಮ್ಮವರ ಈ ತಂಗಿಯ ಕಣ್ಣಿಗೆ ಬಿದ್ದ ಯಾವ ಯಂತ್ರವೂ ಮುಚ್ಚಿಕೊಂಡು ಉಳಿದದ್ದಿಲ್ಲ. ಸಹಕಾರಿ ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಸ್ಕ್ರೂಡ್ರೈವರ್ ಹಿಡಿದವಳು ಅವಳು. ರಿಪೇರಿ ಕಲಿತದ್ದು ಮೊಬೈಲಿನ ವಿಡಿಯೋಗಳಿಂದ. ಅದೂ ವಿಡಿಯೋಗಳ ಮೊದಲರ್ಧದಿಂದ. ಬಿಚ್ಚುವುದು ಮೊದಲರ್ಧದಲ್ಲಿರುತ್ತದೆ, ಜೋಡಿಸುವುದು ಆಮೇಲೆ ಬರುತ್ತದೆ! ಈಚೆಗೆ ವಿಜಯನಗರದ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ಗೀಸರ್, ಕಾಲಿಂಗ್ ಬೆಲ್ ಎಲ್ಲವೂ ಅವಳ ಕೈಯಲ್ಲಿ ರಿಪೇರಿಯಾಗಿವೆ. ಎಲ್ಲವೂ ಕೆಲಸ ಮಾಡುತ್ತವೆ. ಬೆಲ್ ಮಾತ್ರ ಒತ್ತಿದಾಗ ಸುಮ್ಮನಿದ್ದು, ಬಂದವರು ಒಳಗೆ ಬಂದು ಕುಳಿತ ಮೇಲೆ ಹೊಡೆದುಕೊಳ್ಳುತ್ತದೆ.

ಹಾಗಂತ ನಗುವ ಯೋಗ್ಯತೆ ನನಗಿದೆಯೇ? ಒಂದು ಬಲ್ಬ್ ಬದಲಾಯಿಸಬೇಕಾದರೆ ಮೇನ್ ಆಫ್ ಮಾಡಿ, ಪಕ್ಕದ ಮನೆಯವರಿಗೆ ತಿಳಿಸಿ, ದೇವರಿಗೆ ದೀಪ ಹಚ್ಚಿ ಸ್ಟೂಲ್ ಹತ್ತುವವಳು ನಾನು. ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅದಕ್ಕೆಂದು ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯಲ್ಲಿದ್ದ ಅತಿ ಅಗ್ಗದ್ದನ್ನು, ಬಣ್ಣ ಚೆನ್ನಾಗಿದೆಯೆಂದು ಆರಿಸಿ ತಂದಿದ್ದೆ. ಕಡತವೊಂದನ್ನು ತೆರೆಯಲು ಒತ್ತಿ, ಹೋಗಿ ಅಕ್ಕಿ ತೊಳೆದು, ಕುಕ್ಕರ್ ಇಟ್ಟು ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಇದನ್ನು ಫೋನಿನಲ್ಲಿ ನಾದಿನಿಗೆ ಹೇಳಿದ್ದೇ ತಪ್ಪಾಯಿತು. ಲ್ಯಾಪ್‌ಟಾಪಿಗೆ ರ‍್ಯಾಮ್ ಸಾಲದು ಎಂದಳು. ಹಾಗೆಂದರೇನು ಎಂದೆ.

"ಅಡುಗೆಮನೆ ಕಟ್ಟೆ ಇದ್ದಂಗೆ ಅತ್ತಿಗೆ. ಅಟ್ಟ ಎಷ್ಟು ದೊಡ್ಡದಿದ್ರೇನು, ಕಟ್ಟೆ ಚಿಕ್ಕದಾದ್ರೆ ಪಲ್ಯ ಹೆಚ್ಚೋಕೆ ಚಟ್ನಿ ಪಾತ್ರೆ ಕೆಳಗಿಡ್ಬೇಕು. ಭಾನುವಾರ ಬಂದು ಕಟ್ಟೆ ದೊಡ್ಡದು ಮಾಡ್ಕೊಡ್ತೀನಿ."

ಅಂಗಡಿಗೇ ಕೊಡೋಣ ಎಂದು ನಾನು ಹೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಆ ಭಾನುವಾರ ರಾಜಾಜಿನಗರದಿಂದ ಹೊರಟವಳು ಮೆಟ್ರೋ ನಿಲ್ದಾಣದ ಬಾಗಿಲಲ್ಲೇ ಸಿಕ್ಕಿಬಿದ್ದಳು. ಬ್ಯಾಗಿನ ತುಂಬ ಸ್ಕ್ರೂಡ್ರೈವರುಗಳನ್ನು ಕಂಡ ತಪಾಸಣೆಯ ಹೆಂಗಸು ಇದೆಲ್ಲ ಯಾಕೆಂದು ಕೇಳಿದರೆ, "ನಮ್ಮತ್ತಿಗೆಗೆ ಮೆಮೊರಿ ಕಮ್ಮಿ, ಹಾಕೋಕೆ ಹೋಗ್ತಾ ಇದೀನಿ" ಎಂದಳಂತೆ. ಆ ಹೆಂಗಸು ಇವಳನ್ನು ಮೇಲಿಂದ ಕೆಳಗೆ ನೋಡಿದರಂತೆ. ಕೊನೆಗೆ ಬಸ್ಸು ಹಿಡಿದು ಬಂದಳು.

ಬಂದವಳು ಬ್ಯಾಗಿನಿಂದ ರ‍್ಯಾಮ್ ಹೊರತೆಗೆದಳು. ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿ. ಲ್ಯಾಪ್‌ಟಾಪಿನ ತಳ ಬಿಚ್ಚಿ ನೋಡಿದರೆ, ಅದು ಕೂರಬೇಕಾದ ಜಾಗ ಅರ್ಧದಷ್ಟೇ ಇದೆ. ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿನದನ್ನು ತಂದಿದ್ದಳು! ಬುದ್ಧಿವಂತೆ ನಾನು, ಕತ್ತರಿಸಿದರೆ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದೆ. ತಪಾಸಣೆಯ ಹೆಂಗಸು ತನ್ನನ್ನು ನೋಡಿದ ಹಾಗೆಯೇ ಅವಳು ನನ್ನನ್ನು ನೋಡಿದಳು.

ಮುಂದಿನ ಭಾನುವಾರ ಬಂದಾಗ ಅದನ್ನು ಬದಲಾಯಿಸಿ ಸರಿಯಾದದ್ದನ್ನೇ ತಂದಿದ್ದಳು. ಈ ಸಲ ನನ್ನ ನೈಲಾನ್ ಸೀರೆ ಅವಳಿಗೆ ಸರಿಬರಲಿಲ್ಲ. ಮೈಯಲ್ಲಿ ಕರೆಂಟ್ ಕೂತಿರುತ್ತದೆ, ತಾಗಿದರೆ ರ‍್ಯಾಮ್ ಸುಟ್ಟುಹೋಗುತ್ತದೆ, ಹತ್ತಿ ಸೀರೆ ಉಟ್ಟು ಕಿಟಕಿಯ ಕಂಬಿ ಹಿಡಿದುಕೊಳ್ಳಿ ಎಂದಳು. ಉಟ್ಟೆ. ಹಿಡಿದುಕೊಂಡೆ. ನಾನು ಹಾಗೆ ಕಂಬಿಯ ಹಿಂದೆ ನಿಂತಿದ್ದನ್ನು ಕಂಡು ಎದುರುಮನೆಯ ಹುಡುಗಿ, ಎಲ್ಲ ಸರಿಯಿದೆಯಾ ಆಂಟಿ ಎಂದು ವಿಚಾರಿಸಿದಳು. ಲ್ಯಾಪ್‌ಟಾಪನ್ನೇ ಮುಟ್ಟದ ನಾನು ಕಂಬಿಯನ್ನೇಕೆ ಹಿಡಿಯಬೇಕಿತ್ತು ಎಂಬುದು ಇಂದಿಗೂ ಹೊಳೆದಿಲ್ಲ.

ನಾದಿನಿ ರ‍್ಯಾಮ್ ಕೂರಿಸಿದಳು, ತಳ ಮುಚ್ಚಿದಳು, ಗುಂಡಿ ಒತ್ತಿದಳು. ಫ್ಯಾನ್ ಸದ್ದಾಯಿತು. ಪರದೆ ಮಾತ್ರ ಕಪ್ಪಗೇ ಇತ್ತು. ಮತ್ತೆ ಒತ್ತಿದಳು. ಮತ್ತೂ ಕಪ್ಪು. ಮರುದಿನವೇ ಒಪ್ಪಿಸಬೇಕಾಗಿದ್ದ ಒಂದು ಇಡೀ ಪುಸ್ತಕ ಅದರೊಳಗಿತ್ತು. ಪ್ರಕಾಶಕರಿಗೆ ಏನು ಹೇಳಲಿ? ನಾದಿನಿ ಬಿಚ್ಚಿದಳು ಎನ್ನಲೇ? ಬೈಯೋಣವೆಂದು ತಿರುಗಿದರೆ, ಅವಳ ಮುಖ ನನ್ನದಕ್ಕಿಂತ ಬಿಳಿಚಿಕೊಂಡಿತ್ತು.

"ನಿಮ್ಮ ಕೆಲಸ ಹಾಳು ಮಾಡ್ಬಿಟ್ಟೆ ಅತ್ತಿಗೆ" ಎಂದಳು, ಕೇಳಿಸದಷ್ಟು ಮೆಲ್ಲಗೆ.

ಎಂದೂ ಹಾಗೆ ಕುಗ್ಗಿದವಳಲ್ಲ. ಬೈಗುಳ ಬಾಯಲ್ಲೇ ಉಳಿಯಿತು. ವಿಡಿಯೋ ಕೊನೆಯವರೆಗೂ ನೋಡೋಣ ಬಾ ಎಂದೆ. ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು. ರ‍್ಯಾಮನ್ನು ಓರೆಯಾಗಿ ತೂರಿಸಿ, ಎರಡೂ ಬದಿಯ ಕೊಕ್ಕೆ ಹಿಡಿಯುವವರೆಗೆ ಕೆಳಕ್ಕೆ ಒತ್ತಬೇಕಂತೆ. ಇವಳು ಸುಮ್ಮನೆ ಮೇಲೆ ಮಲಗಿಸಿದ್ದಳು! ಮತ್ತೆ ಬಿಚ್ಚಿದಳು, ತೂರಿಸಿದಳು, ಒತ್ತಿದಳು. 'ಟಕ್' ಎಂದಿತು. ಪರದೆ ಬೆಳಗಿತು. ಕಡತ ಎಷ್ಟು ಬೇಗ ತೆರೆಯಿತೆಂದರೆ, ಅಭ್ಯಾಸಬಲದಿಂದ ಅಕ್ಕಿ ತೊಳೆಯಲು ಎದ್ದ ನಾನು ನಾಚಿಕೊಂಡು ಮತ್ತೆ ಕೂತೆ.

ಆಮೇಲೆ ಅವಳು ಸಾಮಾನನ್ನು ಬಹಳ ನಿಧಾನವಾಗಿ ಬ್ಯಾಗಿಗೆ ತುಂಬಿದಳು. ಮನೆಯಲ್ಲಿ ಬೇರೆ ಏನಾದರೂ ಕೆಟ್ಟಿದೆಯೇ ಎಂದು ಕೇಳಿದಳು. ಏನೂ ಇಲ್ಲ ಮಹಾತಾಯಿ, ಎಲ್ಲ ಚೆನ್ನಾಗಿದೆ ಎಂದು ಕೈಮುಗಿದೆ. ಬಾಗಿಲ ತನಕ ಹೋದವಳು ಅಲ್ಲೇ ನಿಂತಳು.

"ಅಣ್ಣ ಇದ್ದಾಗ ಸುಮ್ನೆ ಬಂದ್ಬಿಡ್ತಿದ್ದೆ. ಈಗ ಏನಂತ ಹೇಳ್ಕೊಂಡು ಬರ್ಲಿ ಅತ್ತಿಗೆ?"

ನಮ್ಮವರು ತೀರಿಕೊಂಡು ವರ್ಷವಾಗಿತ್ತು. ಅವಳ ರಿಪೇರಿಗಳೆಲ್ಲ ಶುರುವಾದದ್ದೂ ಆಮೇಲೆಯೇ. ನನಗೆ ಏನೂ ಬಾರದೆಂದು ಬರುತ್ತಾಳೆ ಅಂದುಕೊಂಡಿದ್ದೆ. ಕರಡಿನಲ್ಲಿ ಒಂದು ಕೊಂಬು ಬಿಟ್ಟುಹೋದರೂ ಹಿಡಿಯುವ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

"ಬರೋ ಭಾನುವಾರ ಊಟಕ್ಕೆ ಬಾ ಕಣೇ" ಎಂದೆ. "ಏನೂ ಕೆಟ್ಟಿಲ್ಲ. ಸುಮ್ನೆ ಬಾ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಏನು ಅಡುಗೆ ಎಂದು ಕೇಳಿದಳು. ಮುದ್ದೆ, ಬಸ್ಸಾರು ಎಂದೆ.

"ಮುದ್ದೆ ನಾನು ತಿರುವ್ತೀನಿ. ನಿಮ್ಮದು ಯಾವಾಗ್ಲೂ ಗಂಟು" ಎಂದು ಚಪ್ಪಲಿ ಮೆಟ್ಟಿ ಹೊರಟಳು.