ಬುಕಿತ್ ಪಂಜಾಂಗ್‌ನ ಆಸ್ಟ್ರೇಲಿಯನ್ ಮತದಾರ

ಆಸ್ಟ್ರೇಲಿಯಾದ ಒಂದು ರಾಜ್ಯದ ಚುನಾವಣೆಗೆ ಮುನ್ನ ಅಲ್ಲಿನ ಗ್ರಾಮೀಣ ಮತದಾರರ ಮನೋಭಾವವು ಸಿಂಗಪುರದ ಬುಕಿತ್ ಪಂಜಾಂಗ್‌ನಲ್ಲಿ, ಒಂಬತ್ತನೇ ಮಹಡಿಯ ಒಂದು ಅಡುಗೆಮನೆಯಲ್ಲಿ ರೂಪುಗೊಂಡಿತೆಂಬುದನ್ನು ಸಂಬಂಧಪಟ್ಟವರ ಅವಗಾಹನೆಗೆ ತರಬಯಸುತ್ತೇನೆ. ಅಡುಗೆಮನೆ ನಮ್ಮದು. ಮನೋಭಾವ ನನ್ನದು.

ನಾನು ದ್ವಾರಕನಾಥ, ಮೈಸೂರಿನ ಸರಸ್ವತಿಪುರಂನವನು. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಇಲ್ಲಿನ ಒನ್-ನಾರ್ತ್ ಬಡಾವಣೆಯ ಒಂದು ಜನಾಭಿಪ್ರಾಯ ಸಮೀಕ್ಷೆ ಕಂಪನಿಯಲ್ಲಿ ಸಲಹೆಗಾರನಾಗಿ ಸೇರಿಕೊಂಡೆ. ಸಲಹೆ ಯಾರೂ ಕೇಳುತ್ತಿರಲಿಲ್ಲ, ನಾನೂ ಕೊಡುವುದು ಬಿಡುತ್ತಿರಲಿಲ್ಲ. ಆ ರಾಜ್ಯದ ಆಳುವ ಪಕ್ಷ, ವಿರೋಧ ಪಕ್ಷ ಎರಡೂ ನಮ್ಮ ಗಿರಾಕಿಗಳೇ. ಒಂದಕ್ಕೆ ಎಡಗಡೆ ಕೋಣೆ, ಇನ್ನೊಂದಕ್ಕೆ ಬಲಗಡೆ ಕೋಣೆ, ಕಾಫಿ ಮೆಷಿನ್ ಮಾತ್ರ ಇಬ್ಬರಿಗೂ ಒಂದೇ. ತೊಂದರೆ ಏನೆಂದರೆ, ಅಲ್ಲಿನ ರೈತರು ಸಮೀಕ್ಷೆ ಅಂದ ಕೂಡಲೇ ಫೋನ್ ಇಟ್ಟುಬಿಡುತ್ತಿದ್ದರು. ಹಾಲು ಕರೆಯುವ ಹೊತ್ತಿನಲ್ಲಿ ಯಾರಿಗೆ ತಾನೇ ಪುರುಸೊತ್ತು.

ಆದಕಾರಣ ಕಂಪನಿ ಒಂದು ಸುತ್ತೋಲೆ ಹೊರಡಿಸಿತು: "ಮತದಾರನೆಂದರೆ ಮತ ಉಳ್ಳವನು ಎಂಬ ಹಳೆಯ ವ್ಯಾಖ್ಯೆಯನ್ನು ಈ ಮೂಲಕ ಕೈಬಿಡಲಾಗಿದೆ. ಇನ್ನು ಮುಂದೆ ಅಭಿಪ್ರಾಯ ಉಳ್ಳ ಹಾಗೂ ಫೋನ್ ಎತ್ತುವ ಯಾವುದೇ ವ್ಯಕ್ತಿಯನ್ನು ಮತದಾರನೆಂದು ಪರಿಗಣಿಸತಕ್ಕದ್ದು. ವಾಸಸ್ಥಳವು ತಾಂತ್ರಿಕ ವಿಷಯವಾಗಿರುತ್ತದೆ."

ವಿಭಾಗದ ಮುಖ್ಯಸ್ಥೆ ತೃಪ್ತಿ, ಇಲ್ಲೇ ಬೆಳೆದು ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಅಂಟಿಸುವ ಹುಡುಗಿ, ನನ್ನನ್ನು ಕರೆಸಿದಳು.

"ಅಂಕಲ್, ಒಬ್ಬ ಡೈರಿ ಫಾರ್ಮರ್ ಬೇಕು. ಸ್ವಲ್ಪ ವಯಸ್ಸಾಗಿರ್ಬೇಕು, ಯಾರಿಗೆ ಓಟು ಅಂತ ಇನ್ನೂ ಡಿಸೈಡ್ ಮಾಡಿರ್ಬಾರದು, ಎಲ್ಲಾದರ ಮೇಲೂ ಕೋಪ ಇರ್ಬೇಕು."

"ನಾನು ಹಸು ಕಟ್ಟಿದವನಲ್ಲಮ್ಮ."

"ಹಾಲು ಕುಡೀತೀರಲ್ಲ. ಕೋಪ ಅಂತೂ ಇದೆ. ಸಾಕು ಲಾ."

ಸುಳ್ಳೇಕೆ ಹೇಳಲಿ, ಒಳಗೊಳಗೇ ಹಿಗ್ಗಿದೆ. ಮನೆಯಲ್ಲಿ ಸಾರಿಗೆ ಉಪ್ಪು ಸಾಕಾ ಅಂತ ಕೂಡ ನನ್ನನ್ನು ಯಾರೂ ಕೇಳುವುದಿಲ್ಲ. ಸಿಂಗಪುರದಲ್ಲಿ ನಾನು ಕಾಯಂ ನಿವಾಸಿ ಅಷ್ಟೇ, ಓಟಿಲ್ಲ. ಇಡೀ ಪ್ರಪಂಚದಲ್ಲಿ ನನಗಿದ್ದ ಒಂದೇ ಒಂದು ಓಟು ಸರಸ್ವತಿಪುರಂನ ಮತದಾರರ ಪಟ್ಟಿಯಲ್ಲಿತ್ತು. ಪ್ರತಿ ಚುನಾವಣೆಗೂ ಹೋಗಿ ಹಾಕಿಬರಬೇಕು ಅಂದುಕೊಳ್ಳುತ್ತಿದ್ದೆ. ಆಮೇಲೆ ವಿಮಾನದ ಟಿಕೆಟ್ ದರ ನೋಡಿ, ಪಾಸಿರ್ ರಿಸ್ ಬೀಚಿನಲ್ಲಿ ಕನ್ನಡದವರ ಪಿಕ್‌ನಿಕ್ ನಡೆದಾಗ ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಮಾಡಿ, ಪುಳಿಯೋಗರೆ ತಿಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಆದರೂ ಅದು ಅಲ್ಲಿತ್ತು. ಮನೆಯಲ್ಲಿ ನನ್ನ ಪಾಲು ಮಾರಿ ಆದ ಮೇಲೆ ಊರಿನಲ್ಲಿ ನನ್ನದು ಅಂತ ಉಳಿದಿದ್ದು ಆ ಹೆಸರೊಂದೇ.

ಅದೇ ವಾರ ಮೈಸೂರಿನಿಂದ ತಮ್ಮ ದಿವಾಕರ ಫೋನ್ ಮಾಡಿದ.

"ಅಣ್ಣ, ವೋಟರ್ ಲಿಸ್ಟ್ ಚೆಕ್ ಮಾಡೋಕೆ ಬಂದಿದ್ರು. ನೀನು ಆನ್‌ಲೈನಲ್ಲಿ ಒಂದು ಫಾರಂ ಹಾಕ್ಬೇಕಂತೆ, ಇಲ್ದಿದ್ರೆ ಹೆಸರು ತೆಗೀತಾರಂತೆ. ಈ ತಿಂಗಳು ಟೈಮಿದೆ."

"ಹಾಕ್ತೀನಿ ಕಣೋ. ಸದ್ಯಕ್ಕೆ ಎಲೆಕ್ಷನ್ ಕೆಲಸದಲ್ಲಿದೀನಿ."

"ಯಾವ ಎಲೆಕ್ಷನ್ನು?"

"ಅದು ದೊಡ್ಡ ಮಟ್ಟದ್ದು. ಬಿಡು, ನಿನಗೆ ಅರ್ಥ ಆಗಲ್ಲ."

ಮರುದಿನ ಎಡಗಡೆ ಕೋಣೆಯವರು ಮನೆಗೆ ಫೋನ್ ಮಾಡಿ, ನಮ್ಮ ಪಕ್ಷಕ್ಕೆ ಓಟು ಹಾಕುತ್ತೀರಾ ಎಂದು ಕೇಳಿದರು. ಖಂಡಿತ ಎಂದೆ. ಬಲಗಡೆಯವರು ಕೇಳಿದರು. ಅವರಿಗೂ ಖಂಡಿತ ಎಂದೆ. ತಾವಾಗಿ ಫೋನ್ ಮಾಡಿ ವಿಚಾರಿಸಿದವರಿಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದು ನಮ್ಮ ಕಡೆ ಪದ್ಧತಿಯಲ್ಲ. ಎರಡೂ ಕೋಣೆಗಳಲ್ಲಿ ಸಿಹಿ ಹಂಚಿದರು. ಎರಡನ್ನೂ ನಾನೇ ತಿಂದೆ.

ನಿಮ್ಮ ಮುಖ್ಯ ಸಮಸ್ಯೆ ಏನು ಎಂಬುದು ಮುಂದಿನ ಪ್ರಶ್ನೆ. ಹಸುವಿನ ಸಮಸ್ಯೆ ನನಗೇನು ಗೊತ್ತು? ಅಷ್ಟರಲ್ಲಿ ನನ್ನ ಹೆಂಡತಿ ಸೀತಾ ಮಾರ್ಕೆಟ್ಟಿನಿಂದ ಬಂದು ಚೀಲ ಇಳಿಸಿದಳು. "ಊರಲ್ಲಾಗಿದ್ರೆ ಇಷ್ಟು ತರಕಾರಿಗೆ ಎರಡು ಕಡ್ಡಿ ಕರಿಬೇವು ಕೊಸರು ಹಾಕೋರು. ಇಲ್ಲಿ ಅದಕ್ಕೂ ದುಡ್ಡು ಕೊಡ್ಬೇಕು," ಎಂದು ಗೊಣಗಿದಳು. ನಾನು ಅದನ್ನೇ ಗ್ರಾಮೀಣ ಆಸ್ಟ್ರೇಲಿಯಾದ ಅಳಲೆಂದು ಗದ್ಗದ ಕಂಠದಿಂದ ನಿವೇದಿಸಿದೆ.

ವರದಿ ಹೊರಬಿತ್ತು: "ಕೊಸರು ಸಿಗದಿರುವ ಬಗ್ಗೆ ಗ್ರಾಮೀಣ ಮತದಾರರಲ್ಲಿ ತೀವ್ರ ಅಸಮಾಧಾನವಿರುತ್ತದೆ." ಆಳುವ ಪಕ್ಷ, ಪ್ರತಿ ತರಕಾರಿ ಖರೀದಿಗೂ ಎರಡು ಕಡ್ಡಿ ಕರಿಬೇವು ಉಚಿತ ಎಂದು ಘೋಷಿಸಿತು. ವಿರೋಧ ಪಕ್ಷ ನಾಲ್ಕು ಕಡ್ಡಿ ಎಂದಿತು, ಮೇಲೆ ಒಂದು ಹಿಡಿ ಕೊತ್ತಂಬರಿ. ತಜ್ಞರು ಟೀವಿಯಲ್ಲಿ ಕೂತು, ಇದರಿಂದ ಬೊಕ್ಕಸಕ್ಕೆ ಎಷ್ಟು ಹೊರೆ ಎಂದು ಜಗಳವಾಡಿದರು. ಕೊನೆಗೆ ನಿಜವಾದ ಹೈನುಗಾರನೊಬ್ಬನನ್ನೇ ಹಿಡಿದು ಮೈಕ್ ಮುಂದೆ ನಿಲ್ಲಿಸಿದರು. ಪಾಪ, ಅವನು ಕರಿಬೇವು ಕಂಡವನಲ್ಲ. ತಲೆ ಕೆರೆದುಕೊಂಡು, "ಹೌದು, ಇಷ್ಟು ವರ್ಷ ನಮಗೆ ಯಾರೂ ಕೊಟ್ಟಿಲ್ಲ," ಎಂದು ಸಿಟ್ಟಾದ.

ದಿವಾಕರ ಎರಡು ಸಲ ಮೆಸೇಜ್ ಹಾಕಿ ಜ್ಞಾಪಿಸಿದ. ನಾನು ಎರಡಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದೆ. ಇಡೀ ರಾಜ್ಯದ ಜವಾಬ್ದಾರಿ ಹೆಗಲ ಮೇಲಿರುವಾಗ ಒಂದು ಫಾರಂ ತುಂಬುತ್ತಾ ಕೂರಲಿಕ್ಕಾಗುತ್ತದೆಯೇ?

ಆಸ್ಟ್ರೇಲಿಯಾದಲ್ಲಿ ಮತ ಹಾಕುವುದು ಕಡ್ಡಾಯ. ಮತದಾನದ ದಿನ ನಾನೂ ಬೇಗ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸೋಫಾದ ಮೇಲೆ ಕೂತೆ.

"ಎಲ್ಲಿಗ್ರೀ ಹೊರಟಿದ್ದು?" ಎಂದಳು ಸೀತಾ.

"ಎಲ್ಲಿಗೂ ಇಲ್ಲ."

ಸಂಜೆ ನಾಲ್ಕು ಕಡ್ಡಿಯ ಪಕ್ಷ ಗೆದ್ದಿತು. ನಮ್ಮ ಕಣ್ಣು ತೆರೆಸಿದ ಆ ಸಾಮಾನ್ಯ ರೈತನಿಗೆ ಕೃತಜ್ಞತೆ ಎಂದು ಅವರ ನಾಯಕರು ಭಾಷಣ ಮಾಡುತ್ತಿರುವಾಗಲೇ ದಿವಾಕರನ ಫೋನ್ ಬಂತು.

"ಅಣ್ಣ, ಹೊಸ ಲಿಸ್ಟ್ ಹಾಕಿದಾರೆ. ನಿನ್ನ ಹೆಸರಿಲ್ಲ."

"ಕಾರಣ?"

"ಊರು ಬಿಟ್ಟು ಹೋಗಿದಾರೆ ಅಂತ. ಸುಳ್ಳೇನಲ್ಲವಲ್ಲ. ಹೋಗ್ಲಿ ಬಿಡು, ನೀನೆಲ್ಲಿ ಬರ್ತಿದ್ದೆ."

ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ನನ್ನ ಹೆಸರಿರುತ್ತಿತ್ತು. ಈಗ ಅಲ್ಲಿ ಪಕ್ಕದ ಮನೆಯವರು ಬಂದಿದ್ದಾರಂತೆ. ನನಗೆ ಅಳು ಬಂತು. ಅಂಥಾದ್ದೇನಾಯ್ತು ಅಂತ ಸೀತಾ ಕೇಳಿದಾಗ, ಗೆದ್ದೆವು ಅಂದೆ.

ಸೋಮವಾರ ಆಫೀಸಿಗೆ ಹೋದವನೇ ತೃಪ್ತಿಯ ಮೇಲೆ ಕೂಗಾಡಿದೆ. ನಲವತ್ತು ವರ್ಷದ ಹೆಸರು, ಕೇಳದೆ ಮಾಡದೆ ಅಳಿಸಿಬಿಡೋದಾ? ನಾವೇನು ಸತ್ತಿದ್ದೀವಾ? ಕೇಳಿದ್ದರು, ನಾನೇ ಮಾಡಿರಲಿಲ್ಲ ಎಂಬುದು ಆ ಹೊತ್ತಿನಲ್ಲಿ ಬಾಯಿಗೆ ಬರಲಿಲ್ಲ. ಅವಳು ಕೊನೆಯವರೆಗೂ ಕೇಳಿ, ಕಣ್ಣೊರೆಸಿಕೊಂಡಳು.

"ಅಂಕಲ್, ಈ ಕೋಪ ಹಾಗೇ ಇಟ್ಕೊಳ್ಳಿ. ಪಕ್ಕದ ಸ್ಟೇಟಲ್ಲಿ ಎಲೆಕ್ಷನ್ ಬರ್ತಿದೆ. ಒಬ್ಬ ಮೀನುಗಾರ ಬೇಕು."

"ನಾವು ಮೀನು ಮುಟ್ಟಲ್ಲಮ್ಮ."

"ಹಿಡಿಯೋದಷ್ಟೇ ಅಂಕಲ್, ತಿನ್ನೋದು ಬೇಡ."

ಒಪ್ಪಿಕೊಂಡೆ. ಫೋನ್ ಬಂದಾಗ ಕೋಪವನ್ನೆಲ್ಲ ಹೊರಗೆ ಹಾಕಿದೆ. ವಾರದೊಳಗೆ ಆ ರಾಜ್ಯದ ಎರಡೂ ಪಕ್ಷಗಳು, ಎಷ್ಟು ವರ್ಷ ಎಲ್ಲೇ ಹೋಗಿದ್ದರೂ ಯಾರೊಬ್ಬರ ಹೆಸರನ್ನೂ ಪಟ್ಟಿಯಿಂದ ತೆಗೆಯತಕ್ಕದ್ದಲ್ಲ ಎಂದು ಪ್ರಣಾಳಿಕೆಯಲ್ಲಿ ಸೇರಿಸಿದವು. ಸೀತಾಗೆ ಅದನ್ನು ಓದಿ ಹೇಳಿದೆ. ಅವಳು ಒಗ್ಗರಣೆಗೆ ದುಡ್ಡು ಕೊಟ್ಟು ತಂದ ಕರಿಬೇವು ಹಾಕುತ್ತಾ, "ಒಳ್ಳೇದಾಯ್ತು ಬಿಡಿ, ಯಾರಿಗಾದ್ರೂ ಉಪಯೋಗ ಆಯ್ತಲ್ಲ," ಎಂದಳು.