ಬರೀ ಹುಲ್ಲಿನ ಜೋಡಿ

ದನಗಳ ಜೊತೆ ಕೆಲಸ ಮಾಡುವವನಿಗೆ ನಗುವುದಕ್ಕೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ. ದನ ತನ್ನ ಪಾಡಿಗೆ ತಾನು ಮೆಲುಕು ಹಾಕುತ್ತಿರುತ್ತದೆ, ಅದರ ಸುತ್ತ ನಿಂತ ಮನುಷ್ಯರು ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಲೇ ಇರುತ್ತಾರೆ. ನಾನು ಕಂಡದ್ದರಲ್ಲಿ ಕೆಲವನ್ನು ಹೇಳುತ್ತೇನೆ.

ನಾನು ನಾಗಮಂಗಲದ ಕಡೆಯ ಬಡಗಿ. ಶ್ರೀರಂಗಪಟ್ಟಣದ ದನದ ಚಾವಡಿಗೆ ಗೋದಲಿ ಮಾಡಿಕೊಡಲು ಬಂದವನು. ಗೋದಲಿ ಮುಗಿದ ದಿನ ಸುಮ್ಮನೆ ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಹೋಗಬಹುದಿತ್ತು. ಬಾಯಿ ಚಪಲಕ್ಕೆ "ಇದರೊಳಕ್ಕೆ ಏನು ಹಾಕ್ತೀರಿ ಸಾಹೇಬ್ರೆ?" ಎಂದು ಕೇಳಿಬಿಟ್ಟೆ. ಚಾವಡಿ ನೋಡಿಕೊಳ್ಳುವ ದಾರೋಗ ಸಾಹೇಬರು, "ಅರೇ, ಈ ಆಚಾರಿಗೆ ಮೇವಿನ ಮೇಲೆ ಖಯಾಲಿ ಇದೆ!" ಎಂದು ಕುಣಿದಾಡಿ ನನ್ನನ್ನು ಮೇವಿನ ಉಸ್ತುವಾರಿಗೆ ಹಾಕಿದರು. ಊರಿಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು, ಹೆಂಡತಿಯನ್ನೂ ಕರೆಸಿಕೊಂಡು ಪಟ್ಟಣದಲ್ಲೇ ಮನೆ ಮಾಡಿದೆ.

ನಮ್ಮ ಚಾವಡಿಯ ಎತ್ತುಗಳು ಸುಲ್ತಾನರ ದಂಡಿನಲ್ಲಿ ಗುಂಡು ಹಾರಿಸುವ ತೋಪು ಎಳೆಯುವಂಥವು. ಅಕ್ಕಿಹೆಬ್ಬಾಳಿನ ಕಡೆಯಿಂದ ಹುಲ್ಲು, ನಾಗಮಂಗಲದ ಹೊಲಗಳಿಂದ ಹುರುಳಿ. ಹುಲ್ಲಿನ ಜೊತೆಗೆ ಬೇಯಿಸಿದ ಹುರುಳಿ ಬಿದ್ದರೆ ಆ ಎತ್ತುಗಳು ಎಂಥ ಕೆಸರಿನಿಂದಲೂ ತೋಪನ್ನು ಕಿತ್ತು ತರುತ್ತಿದ್ದವು. ಆದರೆ ದಂಡಿನ ಖರ್ಚು ನೋಡುವ ಬಕ್ಷಿಗಳಿಗೆ ಈ ಹುರುಳಿಯ ಮೇಲೆ ಕಣ್ಣು ಬಿತ್ತು. "ಕಾಡಿನ ಕಾಟಿಗೆ ಯಾರು ಹುರುಳಿ ಬೇಯಿಸಿ ಹಾಕುತ್ತಾರೆ? ಅದಕ್ಕೇನು ಬಲ ಕಮ್ಮಿಯೇ? ಎತ್ತಿಗೆ ಹುಲ್ಲು ಸಾಕು. ಅಲ್ಲ ಅನ್ನುವುದಾದರೆ ದಂಡು ಹೊರಡುವುದರೊಳಗೆ ತೋರಿಸಿ. ಇಲ್ಲದಿದ್ದರೆ ಹುರುಳಿ ಬಂದ್" ಎಂದರು.

ಹಿಂದೊಮ್ಮೆ ದಂಡು ಹೇಮಾವತಿ ಹೊಳೆ ದಾಟುವಾಗ ಹೊಟ್ಟೆಗಿಲ್ಲದ ಎತ್ತು ಮಂಡಿಯೂರಿ ಬಿದ್ದು ಮತ್ತೆ ಏಳದೆ ಹೋದದ್ದನ್ನು ನಾನು ಕಂಡಿದ್ದೆ. ಹೇಗಾದರೂ ಮಾಡಿ ಹುರುಳಿಯನ್ನು ಉಳಿಸಿಕೊಳ್ಳಬೇಕು ಎಂದು ನಾನೂ ದಾರೋಗರೂ ಪಣ ತೊಟ್ಟೆವು. ಮುಂದೆ ಹೇಳುವ ಅವಾಂತರಗಳೆಲ್ಲ ಆ ಪಣದಿಂದಲೇ ಆದವು.

ಬಲ ಕಾಳಿನಲ್ಲೋ ಕಟ್ಟಿನಲ್ಲೋ

ನಮ್ಮ ಕಡೆ ಹುರುಳಿ ಬೇಯಿಸಿದರೆ ಕಾಳು ಎತ್ತಿಗೆ, ಬಸಿದ ಕಟ್ಟು ಮನೆಗೆ. ಆ ಕಟ್ಟಿನಲ್ಲಿ ಮಾಡಿದ ಸಾರಿದ್ದರೆ ಮುದ್ದೆ ಗಂಟಲಲ್ಲಿ ತಾನಾಗಿ ಇಳಿಯುತ್ತದೆ. ಚಾವಡಿಯ ದನಗಾಹಿಗಳೂ ದಿನಾ ಮಡಕೆಯಲ್ಲಿ ಕಟ್ಟು ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು.

ದಾರೋಗರಿಗೆ ಒಂದು ದಿನ ಅನುಮಾನ ಬಂತು. "ಆಚಾರಿ, ಹುರುಳಿಯ ತಾಕತ್ತೆಲ್ಲ ಆ ನೀರಲ್ಲೇ ಹೋಗ್ತಾ ಇದ್ದರೆ? ನಮ್ಮ ಎತ್ತು ಸಪ್ಪೆ ಕಾಳು ತಿಂತಾವೆ, ತಾಕತ್ತು ಇವರ ಮನೆ ಸೇರ್ತಾ ಇದೆ!" ಎಂದು ಕಟ್ಟನ್ನೂ ಎತ್ತಿಗೇ ಕುಡಿಸುವಂತೆ ಹುಕುಂ ಮಾಡಿದರು.

ಮರುದಿನ ದನಗಾಹಿಗಳು ಕೆಲಸಕ್ಕೆ ಬಂದರು, ಅವರ ಹಿಂದೆಯೇ ಅವರ ಹೆಂಡಂದಿರೂ ಬಂದರು. ಅವರಲ್ಲಿ ಮುಂದಾಳು ಒಬ್ಬ ಅಜ್ಜಿ. "ಬುದ್ಧಿ, ನಮ್ಮನೆ ಸಾರ್ನ ಎತ್ತು ಕುಡ್ಕಂಡ್ರೆ ಈ ಗಂಡಸ್ರು ಮುದ್ದೇನ ಯಾವುದ್ರಲ್ಲಿ ನುಂಗ್ಬೇಕು?" ಎಂದು ದಾರೋಗರನ್ನು ಕೇಳಿದಳು.

"ತಾಕತ್ತು ಅದರಲ್ಲೇ ಇರೋದು, ಅಜ್ಜಿ."

"ಅದ್ರಾಗೆ ಏನೈತೆ ಅಂತ ನೀವು ಉಂಡು ನೋಡಿದ್ದೀರಾ?"

ದಾರೋಗರು ಉಂಡಿರಲಿಲ್ಲ. ಅಜ್ಜಿ ಅಲ್ಲೇ ಒಲೆ ಹೂಡಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟು, ಬಿಸಿ ಮುದ್ದೆಯ ಮೇಲೆ ಸಾರು ಸುರಿದು ಮುಂದಿಟ್ಟಳು. ದಾರೋಗರು ಒಂದು ತುತ್ತು ನುಂಗಿದರು. ಮುದ್ದೆ ಖಾಲಿಯಾಯಿತು. ಇನ್ನೊಂದು ಬಂತು, ಅದೂ ಖಾಲಿಯಾಯಿತು. ಬೆರಳು ನೆಕ್ಕಿ, ಗಡ್ಡ ಒರೆಸಿಕೊಂಡು, ಗಂಭೀರವಾಗಿ ತೀರ್ಪು ಕೊಟ್ಟರು: "ಚೆನ್ನಾಗಿ ಪರೀಕ್ಷೆ ಮಾಡಿದ್ದಾಯ್ತು. ತಾಕತ್ತೆಲ್ಲ ಕಾಳಲ್ಲೇ ಇದೆ. ಈ ನೀರಿಂದ ಎತ್ತಿಗೆ ಒಂದಿಷ್ಟೂ ಪ್ರಯೋಜನ ಇಲ್ಲ. ನಾಳೆಯಿಂದ ಒಂದು ಮಡಕೆ ನಮ್ಮ ಮನೆಗೂ ಕಳಿಸಿ."

ಹರಿಗೋಲಿನಲ್ಲಿ ಎತ್ತು

ಹುರುಳಿ ತಿಂದ ಎತ್ತಿಗೆ ಮೈ ಬಂದಿದೆ ಎಂದರೆ ಬಕ್ಷಿಗಳು ಒಪ್ಪಲಿಲ್ಲ. "ಕಣ್ಣಳತೆ ಬೇಡ, ತೂಗಿ ತೋರಿಸಿ" ಎಂದರು. ಎತ್ತನ್ನು ಕಟ್ಟಿ ತೂಗುವ ತಕ್ಕಡಿ ಇಡೀ ಪಟ್ಟಣದಲ್ಲಿ ಇರಲಿಲ್ಲ.

ದಾರೋಗರಿಗೆ ಒಂದು ಉಪಾಯ ಹೊಳೆಯಿತು. ಎತ್ತನ್ನು ಹರಿಗೋಲಿಗೆ ಹತ್ತಿಸುವುದು, ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆಯುವುದು, ಆಮೇಲೆ ಎತ್ತನ್ನು ಇಳಿಸಿ ಆ ಗೆರೆ ಮುಳುಗುವ ತನಕ ಕಲ್ಲು ತುಂಬಿ, ಕಲ್ಲನ್ನು ತೂಗುವುದು. ಉಪಾಯವೇನೋ ಚೊಕ್ಕವಾಗಿತ್ತು. ಅದನ್ನು ಯಾರೂ ಎತ್ತಿಗೆ ಹೇಳಿರಲಿಲ್ಲ.

ಕಾವೇರಿಯ ದಡದಲ್ಲಿ ನಾವೆಲ್ಲ ಸೇರಿ ತಳ್ಳಿ ನೂಕಿ ಒಂದು ಬಿಳಿ ಎತ್ತನ್ನು ಹರಿಗೋಲಿಗೆ ಹತ್ತಿಸಿದೆವು. ಅದು ಬೆದರದಿರಲಿ ಎಂದು ದಾರೋಗರೇ ಮೂಗುದಾರ ಹಿಡಿದು ನಿಂತರು. ನಾನು ದಡದಿಂದ "ಸಾಹೇಬ್ರೆ, ನಿಮ್ಮ ತೂಕವೂ ಸೇರ್ಕತದೆ" ಎಂದೆ. "ನನ್ನದು ಆಮೇಲೆ ಕಳೆಯೋಣ" ಎಂದರು. ಅಷ್ಟರಲ್ಲಿ ಎತ್ತು ಸಗಣಿ ಹಾಕಿತು. ಇದು ಎತ್ತಿನ ತೂಕವೋ ಹರಿಗೋಲಿನ ತೂಕವೋ ಎಂದು ದಡದಲ್ಲಿ ಚರ್ಚೆ ಶುರುವಾಯಿತು. "ಒಳಗಿದ್ದಾಗ ಎತ್ತಿಂದು, ಆಚೆಗೆ ಬಂದ್ಮೇಲೆ ಅಂಬಿಗಂದು. ತೊಳೆಯೋನು ನಾನ್ತಾನೆ!" ಎಂದು ಅಂಬಿಗ ರೇಗಿದ.

ಈ ಗಲಾಟೆಯ ನಡುವೆ ಎತ್ತಿಗೆ ಆಚೆ ದಡದ ಹಸಿರು ಕಾಣಿಸಿತು. ಅದು ಆ ಕಡೆ ಒಂದು ಹೆಜ್ಜೆ ಇಟ್ಟಿತು, ಅಷ್ಟೇ. ಹರಿಗೋಲು ಗಿರ್ರನೆ ಸುತ್ತಿ, ವಾಲಿ, ಎತ್ತು, ದಾರೋಗರು, ಸುಣ್ಣದ ಕುಡಿಕೆ ಎಲ್ಲವೂ ನೀರಿಗೆ ಬಿದ್ದವು. ಎತ್ತು ಆರಾಮಾಗಿ ಈಜುತ್ತಾ ಹೊರಟಿತು. ಈಜು ಬಾರದ ದಾರೋಗರು ಅದರ ಬಾಲ ಹಿಡಿದುಕೊಂಡು "ಯಾ ಅಲ್ಲಾ!" ಎನ್ನುತ್ತಾ ಆಚೆ ದಡ ಸೇರಿದರು. ಎತ್ತು ಹಿಂತಿರುಗಿಯೂ ನೋಡದೆ ಹುಲ್ಲಿಗೆ ಬಾಯಿ ಹಾಕಿತು.

ನಾವು ನೀರು ಕಮ್ಮಿಯಿದ್ದ ಕಡೆಯಿಂದ ಸುತ್ತಿಕೊಂಡು ದಾಟಿ ಹೋದಾಗ ದಾರೋಗರು ನಡುಗುತ್ತಾ ಕೂತಿದ್ದರು. "ಬಕ್ಷಿಗಳಿಗೆ ಏನಂತ ಹೇಳಾನ ಸಾಹೇಬ್ರೆ?" ಎಂದು ಕೇಳಿದೆ.

"ಹುರುಳಿ ತಿಂದ ಎತ್ತು ಒಬ್ಬ ದಾರೋಗನನ್ನ ಹೊಳೆ ದಾಟಿಸ್ತದೆ ಅಂತ ಹೇಳು. ನಂಬದೆ ಇದ್ದರೆ ಅವರೇ ಬಂದು ಬಾಲ ಹಿಡೀಲಿ."

ಫರಂಗಿ ಸೊಪ್ಪು

ಆಗ ಹಿರೋಡೆಯ ಬಂಡೆಗಳ ಹತ್ತಿರ ಸುಲ್ತಾನರ ಕಡೆಯ ಫರಂಗಿ ಸಿಪಾಯಿಗಳು ಬೀಡುಬಿಟ್ಟಿದ್ದರು. ಅವರಲ್ಲಿ ಕೆಂಪು ಮೂತಿಯ ಒಬ್ಬ ನಮ್ಮ ಕಷ್ಟ ಕೇಳಿ ಒಂದು ಹಿಡಿ ಬೀಜ ಕೊಟ್ಟ. ಅವನ ದೇಶದಲ್ಲಿ ಈ ಮೇವು ತಿಂದ ಕುದುರೆಗೆ ಎರಡರಷ್ಟು ಬಲ ಬರುತ್ತದಂತೆ. ಹಾಗೆಂದು ಅವನ ದುಭಾಷಿ ನಮಗೆ ಕನ್ನಡದಲ್ಲಿ ಹೇಳಿದ.

ಚಾವಡಿಯ ಪಕ್ಕದಲ್ಲಿ ಮಡಿ ಮಾಡಿ ಬಿತ್ತಿದೆವು. ಎತ್ತು ನುಗ್ಗದಂತೆ ನಾನೇ ಬೇಲಿ ಕಟ್ಟಿದೆ. ಸೊಪ್ಪು ಎಳೆಎಳೆಯಾಗಿ, ಹಸಿರಾಗಿ ಮೇಲೆ ಬಂತು. ಫರಂಗಿಯವನು ನೋಡಲು ಬರುವ ದಿನ ಹೋಗಿ ನೋಡುತ್ತೇನೆ, ಬೇಲಿ ಗಟ್ಟಿಯಾಗಿದೆ, ಒಳಗೆ ಬೋಳು ನೆಲ! ಒಂದೇ ಒಂದು ಗೊರಸಿನ ಗುರುತಿಲ್ಲ.

ಮನೆಗೆ ಓಡಿ ಹೆಂಡತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದಲೇ, "ಆ ಮೆಂತ್ಯದ ಸೊಪ್ಪಾ? ಬಲಿತು ಹೋಗ್ತಿತ್ತು ಕಣೇಳಿ. ಬೀದಿಯೋರೆಲ್ಲ ಕೊಯ್ಕಂಡ್ವಿ. ನಿನ್ನೆ ನೀವೂ ಚಪ್ಪರಿಸ್ಕಂಡು ಉಂಡ್ರಲ್ಲಾ!" ಎಂದಳು.

ಫರಂಗಿಯವನಿಗೆ ವಿಷಯ ತಿಳಿದು ಅವನ ಮೂತಿ ಇನ್ನೂ ಕೆಂಪಾಯಿತು. ಆದರೂ ಪರೀಕ್ಷೆಯ ಮೇಲಿನ ಆಸೆ ಬಿಡಲಿಲ್ಲ. ಸೊಪ್ಪು ತಿಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಸುತ್ತು ಹೊಡೆದು ನೋಡಿದ. ನನ್ನ ಹೆಂಡತಿಯ ಮುಂದೆ ನಿಂತು ಏನೋ ಕೇಳಿದ.

"ತಿಂದ ಮೇಲೆ ಮೈಗೆ ಬಲ ಬಂತಾ ಅಂತ ಕೇಳ್ತಾವ್ರೆ ಕಣಮ್ಮ" ಎಂದ ದುಭಾಷಿ.

"ಈವಯ್ಯನ್ನ ಎತ್ತಿ ಆ ಬೇಲಿ ಆಚೆಗೆ ಬಿಸಾಕೋವಷ್ಟು ಬಂದದೆ ಅಂತ ಹೇಳಪ್ಪ."

ದುಭಾಷಿ ಅದನ್ನು ಹೇಗೆ ದಾಟಿಸಿದನೋ ಕಾಣೆ. ಫರಂಗಿಯವನು ಸಂತೋಷದಿಂದ ಟೋಪಿ ತೆಗೆದು ಅವಳಿಗೆ ಬಗ್ಗಿ ನಮಸ್ಕಾರ ಮಾಡಿದ.

ತೋಪು ಬೀದಿಗೆ ಬಂತು

ಕೊನೆಗೆ ಬಕ್ಷಿಗಳಿಗೇ ಸಾಕಾಯಿತು. "ನಿಮ್ಮ ಆಟ ನಿಲ್ಲಿಸಿ. ಒಂದೇ ವಯಸ್ಸಿನ ಎರಡು ಜೋಡಿ ತನ್ನಿ. ಒಂದಕ್ಕೆ ಹುಲ್ಲು, ಹುರುಳಿ. ಇನ್ನೊಂದಕ್ಕೆ ಬರೀ ಹುಲ್ಲು. ದಂಡು ಹೊರಡುವ ಮುಂಚೆ ಎರಡಕ್ಕೂ ತೋಪು ಕಟ್ಟಿ ನೋಡುತ್ತೇನೆ" ಎಂದರು.

ಹುರುಳಿ ಜೋಡಿ ಚಾವಡಿಯಲ್ಲಿ ನನ್ನ ಹತ್ತಿರ ಉಳಿಯಿತು. ಬರೀ ಹುಲ್ಲಿನ ಜೋಡಿಯನ್ನು ಗಂಜಾಮಿನ ಬೀದಿಯ ತುದಿಯ ಕೊಟ್ಟಿಗೆಯಲ್ಲಿ ಕಟ್ಟಿಸಿದರು. ಹುಲ್ಲಿನ ಹೊರತು ಒಂದು ಕಾಳೂ ಕೊಟ್ಟಿಗೆಯೊಳಕ್ಕೆ ಹೋಗದಂತೆ ಬಾಗಿಲಿಗೆ ಒಬ್ಬ ಸಿಪಾಯಿಯನ್ನು ನಿಲ್ಲಿಸಿದರು. ಸಂಜೆಯಾದರೆ ಆ ಸಿಪಾಯಿಯೇ ಅವನ್ನು ಬೀದಿಯುದ್ದಕ್ಕೂ ನಡೆಸಿಕೊಂಡು ಹೋಗಿ ಹೊಳೆಯಲ್ಲಿ ನೀರು ಕುಡಿಸಿ ತರಬೇಕು.

ನಾನು ಖುಷಿಯಾಗಿದ್ದೆ. ಬರೀ ಹುಲ್ಲಿನ ಜೋಡಿ ಸೊರಗುತ್ತದೆ, ನಮ್ಮ ಹುರುಳಿ ಗೆಲ್ಲುತ್ತದೆ ಎಂದುಕೊಂಡಿದ್ದೆ. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಅದರ ಮೈ ಮಿರಮಿರ ಮಿಂಚುತ್ತಿದೆ! ಮತ್ತೊಮ್ಮೆ ಹೋದರೆ ಭುಜ ಉಬ್ಬಿದೆ. ಕಾವಲಿನ ಸಿಪಾಯಿಗೂ ಹೊಟ್ಟೆ ಬಂದಿದೆ. "ಏನಪ್ಪಾ, ನೀನೂ ಹುಲ್ಲು ತಿಂತಾ ಇದೀಯಾ?" ಎಂದು ಕೇಳಿದೆ. "ಕೊಟ್ಟಿಗೆ ಒಳಕ್ಕೆ ಒಂದು ಕಾಳೂ ಬುಟ್ಟಿಲ್ಲ ಕಣಣ್ಣ, ದೇವ್ರಾಣೆ" ಎಂದ.

ನನಗೆ ಊಟ ಸೇರದಾಯಿತು. ದಾರೋಗರು "ನಮ್ಮ ಹುರುಳಿಯ ಕಥೆ ಖತಂ, ಆಚಾರಿ" ಎಂದು ತಲೆಯ ಮೇಲೆ ಕೈಹೊತ್ತು ಕೂತರು. ಈ ದಂಡಿನ ಎತ್ತುಗಳೆಲ್ಲ ಬರೀ ಹುಲ್ಲಿನ ಮೇಲೆ ಹೇಮಾವತಿಯ ಕೆಸರಿಗೆ ಇಳಿಯುವುದನ್ನು ನೆನೆದರೆ ಅಳು ಬರುತ್ತಿತ್ತು.

ಪರೀಕ್ಷೆಯ ಸಂಜೆ ಬಂತು. ಹೊಳೆಯ ದಂಡೆಯಿಂದ ಕೋಟೆಯ ಬಾಗಿಲಿನವರೆಗೆ ಒಂದೊಂದು ಜೋಡಿಯೂ ಒಂದೊಂದು ತೋಪು ಎಳೆಯಬೇಕು. ಎರಡೂ ಜೋಡಿ ಒಟ್ಟಿಗೆ ಹೊರಟವು. ನಮ್ಮ ಹುರುಳಿ ಜೋಡಿ ತಲೆ ತಗ್ಗಿಸಿ ಒಂದೇ ಹದದಲ್ಲಿ ಎಳೆಯಿತು. ಬರೀ ಹುಲ್ಲಿನ ಜೋಡಿಯೋ, ತೋಪಿನ ಭಾರವೇ ಇಲ್ಲವೇನೋ ಎಂಬಂತೆ ದಡದಡ ಮುಂದೆ ಹೋಯಿತು. ಬಕ್ಷಿಗಳು ಚಪ್ಪಾಳೆ ತಟ್ಟಿದರು. "ನೋಡಿದಿರಾ? ಬರೀ ಹುಲ್ಲು! ನಾಳೆಯಿಂದ ಹುರುಳಿ ಬಂದ್!"

ಆ ಮಾತು ಮುಗಿಯುವಷ್ಟರಲ್ಲಿ ಬರೀ ಹುಲ್ಲಿನ ಜೋಡಿ ಕೋಟೆಯ ದಾರಿ ಬಿಟ್ಟು ಗಂಜಾಮಿನ ಬೀದಿಗೆ ತಿರುಗಿತು. ಎತ್ತು ಹೊಡೆಯುವವನು ಹಗ್ಗ ಜಗ್ಗಿದ, ಕೂಗಿದ, ಬೈದ. ಎತ್ತುಗಳು ತೋಪನ್ನು ಎಳೆದುಕೊಂಡೇ ಹೋಗಿ ಮೊದಲನೆಯದಾಗಿ ಅಕ್ಕಸಾಲಿಗರ ಮನೆಯ ಮುಂದೆ ಗಕ್ಕನೆ ನಿಂತವು. ಬಾಗಿಲು ತೆರೆಯಿತು. ಅಕ್ಕಸಾಲಿಗನ ಹೆಂಡತಿ ಕಲಗಚ್ಚಿನ ಬಾನಿ ತಂದಿಟ್ಟು, "ಬಂದ್ಯಾ ನನ್ನಪ್ಪ ಬಸವಣ್ಣ" ಎಂದಳು. ಎತ್ತುಗಳು ಸೊರಸೊರನೆ ಕುಡಿದು ಮುಂದೆ ಹೊರಟವು. ನಾವೆಲ್ಲ ಹಿಂದೆ ಓಡಿದೆವು. ಪಕ್ಕದ ಮನೆಯಲ್ಲಿ ಬೆಲ್ಲ. ಆಮೇಲಿನ ಮನೆ ಕಮ್ಮಾರರದು, ಅಲ್ಲಿ ರಾಗಿ ಅಂಬಲಿ. ಅದರ ಮುಂದಿನದು ನನ್ನದು! ನನ್ನ ಹೆಂಡತಿ ಎರಡು ಕೈಯಲ್ಲಿ ಎರಡು ಮುದ್ದೆ ಹಿಡಿದು ನಿಂತಿದ್ದಳು.

"ಅಯ್ಯೋ, ಏನೇ ಇದು!" ಎಂದೆ.

"ಮತ್ತಿನ್ನೇನು? ಮೂಕಪ್ರಾಣಿಗೆ ಬರೀ ಹುಲ್ಲು ಹಾಕಿ ಸಾಯಿಸ್ತಾವ್ರೆ, ನೋಡ್ಕಂಡು ಕೂತಿರಾಕಾಗ್ತದಾ?" ಎಂದವಳು ಆಮೇಲೆ ತೋಪನ್ನು ಕಂಡು ಗಾಬರಿಯಾದಳು. "ಇದ್ಯಾಕೆ ಇದನ್ನೂ ಕರ್ಕಂಡ್ ಬಂದವೆ? ನಾನು ಇಬ್ರಿಗೇ ಮಾಡಿರೋದು."

ಬಕ್ಷಿಗಳು ಸಿಪಾಯಿಯ ಕುತ್ತಿಗೆಪಟ್ಟಿ ಹಿಡಿದರು. "ನೀನು ಕಾಯುತ್ತಿದ್ದದ್ದು ಏನು?"

"ಕೊಟ್ಟಿಗೇನ, ಬುದ್ಧಿ" ಎಂದ ಸಿಪಾಯಿ. "ಬೀದೀಲಿ ತಿನ್ನಿಸ್ಬ್ಯಾಡ್ದು ಅಂತ ಹುಕುಂ ಇರ್ನಿಲ್ಲ. ನಂಗೂ ಎಲ್ರೂ ಕರ್ದು ಕರ್ದು ಕೊಡೋರು."

ಅಷ್ಟರಲ್ಲಿ ಎತ್ತುಗಳು ಬೀದಿಯ ಕೊನೆಯ ದೊಡ್ಡ ಮನೆಯ ಮುಂದೆ ನಿಂತಿದ್ದವು. ಅದನ್ನು ಕಂಡು ಬಕ್ಷಿಗಳು ಸಿಪಾಯಿಯ ಕುತ್ತಿಗೆಪಟ್ಟಿ ಬಿಟ್ಟರು. ಅದು ಅವರದೇ ಮನೆ. ಬಾಗಿಲು ತೆರೆದು, ತಲೆಯ ಮೇಲೆ ಸೆರಗು ಹೊದ್ದ ಅವರ ಮುದಿ ತಾಯಿ ಹೊರಗೆ ಬಂದರು. ಅವರ ಹಿಂದೆ ಮನೆಯಾಳು ದೊಡ್ಡ ಹಂಡೆ ಹೊತ್ತು ತಂದ. ಹಂಡೆಯಿಂದ ಹಬೆ ಏಳುತ್ತಿತ್ತು, ವಾಸನೆಯಿಂದಲೇ ನನಗೆ ಗೊತ್ತಾಯಿತು.

"ಅದರಲ್ಲೇನಿದೆ ಅಮ್ಮಾಜಾನ್?" ಎಂದು ಬಕ್ಷಿಗಳು ಮೆಲ್ಲಗೆ ಕೇಳಿದರು.

"ಹುರುಳಿ ಬೇಟಾ. ತುಪ್ಪ ಹಾಕಿ ಬೇಯ್ಸಿದ್ದೀನಿ. ಹುರುಳಿ ಇಲ್ದೆ ಎತ್ತಿಗೆ ತಾಕತ್ತು ಎಲ್ಲಿಂದ ಬರ್ತದೆ?" ಎಂದು ಎತ್ತಿನ ಕೊರಳು ಸವರಿದರು. "ಯಾವನೋ ಪಾಪಿ ಇವಕ್ಕೆ ಬರೀ ಹುಲ್ಲು ಹಾಕಿ ಅಂತ ಹುಕುಂ ಮಾಡವ್ನಂತೆ. ನೀನು ದೊಡ್ಡ ಹುದ್ದೇಲಿ ಇದ್ದೀಯ, ಮೊದ್ಲು ಅವನ್ನ ಕೆಲಸದಿಂದ ತೆಗ್ಸು."

ದಾರೋಗರು ರುಮಾಲನ್ನು ಬಾಯಿಗೆ ತುರುಕಿಕೊಂಡಿದ್ದರು.

"ನೋಡ್ತೀನಿ ಅಮ್ಮಾಜಾನ್" ಎಂದರು ಬಕ್ಷಿಗಳು, ನೆಲ ನೋಡುತ್ತಾ.

ಹುರುಳಿ ನಿಲ್ಲಲಿಲ್ಲ. ದಂಡು ಹೊರಟಾಗ ನಮ್ಮ ಎತ್ತುಗಳೆಲ್ಲ ಹೊಟ್ಟೆ ತುಂಬಾ ತಿಂದು ಹೊರಟವು, ಹೇಮಾವತಿಯ ಕೆಸರಿನಲ್ಲಿ ಒಂದೂ ಬೀಳಲಿಲ್ಲ. ಆ ಸುದ್ದಿ ಕೇಳಿದ ದಿನ ನಾನು ಚಾವಡಿಯ ಗೋದಲಿಗೆ ಒರಗಿ ಕೂತು ಸಂತೋಷಕ್ಕೆ ಅತ್ತುಬಿಟ್ಟೆ.

ಅಮ್ಮಾಜಾನ್ ಮಾತ್ರ ಆ ವಿಷಯ ಮರೆಯಲಿಲ್ಲ. ಬೀದಿಯಲ್ಲಿ ಸಿಕ್ಕಿದಾಗಲೆಲ್ಲ ನನ್ನನ್ನು ನಿಲ್ಲಿಸಿ, "ಏನು ಆಚಾರಿ, ಆ ಪಾಪೀನ ತೆಗೆದ್ರಾ?" ಎಂದು ಕೇಳುತ್ತಿದ್ದರು. ಒಂದು ಸಲ ಬಕ್ಷಿಗಳು ಅವರ ಪಕ್ಕದಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಿ, ಅವರು ನನ್ನ ಮುಖ ನೋಡಿ, ಕೊನೆಗೆ "ಇನ್ನೂ ಇಲ್ಲ ತಾಯಿ" ಎಂದೆ.

"ಹಾಗಾದ್ರೆ ತೆಗೆಯೋವರೆಗೂ" ಎಂದರು ಅಮ್ಮಾಜಾನ್, "ಅವನಿಗೂ ಬರೀ ಹುಲ್ಲೇ ಹಾಕಿ."